ಬಾದಾಮಿಯ ಬೆಟ್ಟ, ವಿಜಯಪುರದ ಕಮಾನು: ಹಳೆಯ ಫ್ಲೆಮಿಶ್ ಪದ್ಧತಿಯಲ್ಲಿ ನಿಸರ್ಗಚಿತ್ರ ರಚಿಸುವ ವಿಧಾನ

ಹದಿನಾರನೆಯ ಶತಮಾನದ ಫ್ಲೆಮಿಶ್ ಚಿತ್ರಕಾರರ ನಿಸರ್ಗಚಿತ್ರಗಳಲ್ಲಿ ಕಡಿದಾದ ಬಂಡೆಗಳು, ಪಾಳುಬಿದ್ದ ಕಮಾನುಗಳು, ಅವುಗಳ ಹಿಂದೆ ನೀಲಿಯಾಗಿ ಕರಗುವ ಬೆಟ್ಟಸಾಲು ಮತ್ತೆ ಮತ್ತೆ ಬರುತ್ತವೆ. ಈ ಚಿತ್ರಕಾರರಲ್ಲಿ ಅನೇಕರು ಕೆಲಸ ಮಾಡಿದ್ದು ಇಂದಿನ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ. ಆ ನಗರದ ಸುತ್ತಲಿನ ನೆಲ ಪೂರ್ತಿ ಸಪಾಟು. ಅಲ್ಲಿ ಬೆಟ್ಟವೂ ಇಲ್ಲ, ರೋಮ್ ನಗರದಲ್ಲಿರುವಂಥ ಹಾಳು ಕಟ್ಟಡಗಳೂ ಇಲ್ಲ. 1515ರಲ್ಲಿ ಆಂಟ್‌ವರ್ಪ್ ಚಿತ್ರಕಾರರ ಸಂಘವನ್ನು ಸೇರಿದ ಯೋಆಖಿಮ್ ಪಾಟಿನಿರ್ ಮ್ಯೂಸ್ ನದಿಯ ಕಣಿವೆಯಿಂದ ಬಂದವನು. ಆ ಕಣಿವೆಯಲ್ಲಿ ನೆಟ್ಟಗೆ ನಿಂತಿರುವ ಬಂಡೆಗಳನ್ನು ನೆನಪಿನಿಂದ ಎತ್ತಿಕೊಂಡು ಅವನು ತನ್ನ ಚಿತ್ರಗಳ ನಡುವೆ ನಿಲ್ಲಿಸಿದನು. ಪೀಟರ್ ಬ್ರೂಗೆಲ್ 1552ರ ಸುಮಾರಿಗೆ ಇಟಲಿಗೆ ಹೋದಾಗ ಆಲ್ಪ್ಸ್ ಪರ್ವತಗಳನ್ನು ಕಂಡನು. ಅವನು ಬೆಟ್ಟಗಳನ್ನೆಲ್ಲ ನುಂಗಿ, ಊರಿಗೆ ಮರಳಿದ ಮೇಲೆ ಹಲಗೆಯ ಮೇಲೆ ಉಗುಳಿದನೆಂದು ಚಿತ್ರಕಾರರ ಜೀವನಚರಿತ್ರೆಗಳನ್ನು ಬರೆದ ಕಾರೆಲ್ ವಾನ್ ಮಾಂಡರ್ 1604ರಲ್ಲಿ ಹೇಳಿದ್ದಾನೆ. ಹಾಳು ಕಟ್ಟಡಗಳ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಹೀರೋನಿಮಸ್ ಕಾಕ್ ಎಂಬ ಆಂಟ್‌ವರ್ಪ್ ಪ್ರಕಾಶಕ ರೋಮ್ ನಗರದ ಅವಶೇಷಗಳ ಅಚ್ಚುಚಿತ್ರಗಳನ್ನು 1551ರಲ್ಲಿ ಹೊರತಂದ ಮೇಲೆ, ರೋಮ್ ನೋಡದವರಿಗೂ ಮುರಿದ ಕಮಾನುಗಳ ಮಾದರಿ ಕೈಗೆ ಸಿಕ್ಕಿತು.

ಹೀಗೆ ಬೇರೆ ಬೇರೆ ಕಡೆ ಕಂಡದ್ದನ್ನು ಒಂದೇ ಹಲಗೆಯ ಮೇಲೆ ಕೂಡಿಸಿ ಕಟ್ಟುವುದೇ ಈ ಪದ್ಧತಿಯ ಜೀವಾಳ. ನಮ್ಮ ಭಾಗದ ಚಿತ್ರಕಾರರಿಗೆ ಇದು ಹೇಳಿ ಮಾಡಿಸಿದಂತಿದೆ. ವಿಜಯಪುರದ ಬಯಲಿನಲ್ಲಿ ಬಾರಾ ಕಮಾನ್ ಇದೆ, ಆದರೆ ಅದರ ಹಿಂದೆ ಬೆಟ್ಟವಿಲ್ಲ. ಬಾದಾಮಿಯಲ್ಲಿ ಕೆಂಪು ಬಂಡೆಗಳೂ ಕೆರೆಯೂ ಇವೆ, ಆದರೆ ಅಷ್ಟು ಎತ್ತರದ ಕಮಾನುಗಳಿಲ್ಲ. ಇವೆರಡನ್ನೂ ಒಂದೇ ಚಿತ್ರದಲ್ಲಿ ತರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ತೈಲವರ್ಣದಲ್ಲಿ ಸ್ವಲ್ಪಮಟ್ಟಿಗೆ ಕೈ ಪಳಗಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಮೊದಲ ಎರಡು ಹಂತಗಳು ಜಲವರ್ಣದವರಿಗೂ ಉಪಯೋಗಕ್ಕೆ ಬರುತ್ತವೆ.

ಮೊದಲು ಒಂದು ಹಳೆಯ ಚಿತ್ರವನ್ನು ಓದಿ

ಕುಂಚ ಹಿಡಿಯುವ ಮೊದಲು ಮೂಲ ಚಿತ್ರವೊಂದನ್ನು ಸಾವಕಾಶವಾಗಿ ನೋಡಬೇಕು. ಮ್ಯಾಡ್ರಿಡ್ ನಗರದ ಪ್ರಾದೊ, ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯ ಮೊದಲಾದವು ತಮ್ಮ ಚಿತ್ರಗಳ ಪ್ರತಿಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ. ಪ್ರಾದೊದಲ್ಲಿರುವ, ಸಂತ ಜೆರೋಮನಿರುವ ಪಾಟಿನಿರ್‌ನ ನಿಸರ್ಗಚಿತ್ರವನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಬಹುದು. ಅದರಲ್ಲಿ ದಿಗಂತರೇಖೆ ಬಹಳ ಮೇಲಿದೆ. ನೋಡುವವನು ಎತ್ತರದಲ್ಲಿ ನಿಂತು ನಾಡನ್ನೆಲ್ಲ ಕೆಳಗೆ ಹರಡಿಕೊಂಡು ನೋಡುತ್ತಾನೆ. ನೆಲವೆಲ್ಲ ಮೇಲಿನಿಂದ ಕಂಡಂತಿದ್ದರೂ ಬಂಡೆಗಳು ಮಾತ್ರ ಎದುರಿನಿಂದ, ಕಣ್ಣಿನ ಮಟ್ಟದಲ್ಲಿ ಕಂಡಂತೆ ನಿಂತಿವೆ. ಯಥಾದರ್ಶನದ, ಅಂದರೆ ಒಂದೇ ಕಡೆ ನಿಂತ ಕಣ್ಣಿಗೆ ಕಾಣುವಂತೆ ಬರೆಯುವ, ನಿಯಮದ ಪ್ರಕಾರ ಇದು ಸರಿಯಲ್ಲ; ಆದರೂ ಚಿತ್ರದ ಗಾಂಭೀರ್ಯ ಬಹುಪಾಲು ಇದರಿಂದಲೇ ಬಂದಿದೆ. ನಮ್ಮ ಚಿತ್ರದಲ್ಲಿಯೂ ಈ ಸ್ವಾತಂತ್ರ್ಯ ಬೇಕಾಗುತ್ತದೆ.

ಎರಡನೆಯದಾಗಿ ಬಣ್ಣದ ಮೂರು ಪಟ್ಟಿಗಳನ್ನು ಗುರುತಿಸಿ. ಹತ್ತಿರದ ನೆಲ ಕಂದು, ನಡುವಿನ ನೆಲ ಹಸಿರು, ದೂರದ ನೆಲ ನೀಲಿ. ಗಾಳಿಯ ಕಣಗಳು ಬೆಳಕಿನ ನೀಲಿ ಅಂಶವನ್ನು ಹೆಚ್ಚು ಚೆದುರಿಸುವುದರಿಂದ ದೂರದ ನೆರಳಿನ ಭಾಗಗಳು ನೀಲಿಯಾಗಿ ಕಾಣುತ್ತವೆ ಎಂಬ ನಿಜವನ್ನೇ ಆ ಚಿತ್ರಕಾರರು ಗಟ್ಟಿಗೊಳಿಸಿ ಒಂದು ಕ್ರಮವನ್ನಾಗಿ ಮಾಡಿಕೊಂಡರು. ಒಂದು ಪಟ್ಟಿ ಇನ್ನೊಂದಕ್ಕೆ ಸೇರುವ ಜಾಗವನ್ನು ಅವರು ಬಯಲಾಗಿ ಬಿಡುವುದಿಲ್ಲ. ಒಂದು ದಿಣ್ಣೆ, ಮರಗಳ ಗುಂಪು ಅಥವಾ ಪಾಳು ಗೋಡೆ ಆ ಹೊಲಿಗೆಯನ್ನು ಮುಚ್ಚಿರುತ್ತದೆ. ಹಾಳು ಕಟ್ಟಡಕ್ಕೆ ಈ ಚಿತ್ರಗಳಲ್ಲಿ ಇರುವ ಮುಖ್ಯ ಕೆಲಸವೇ ಇದು ಎಂದು ನಾನು ತಿಳಿಯುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈಗ ಕಾಣುವ ಬಣ್ಣಗಳೆಲ್ಲ ಬರೆದಾಗಿನ ಬಣ್ಣಗಳಲ್ಲ. ತಾಮ್ರದಿಂದ ತಯಾರಾದ ಹಸಿರು ಕಾಲ ಕಳೆದಂತೆ ಕಂದಾಗುತ್ತದೆ. ಕೋಬಾಲ್ಟ್ ಸೇರಿಸಿದ ಗಾಜನ್ನು ಪುಡಿ ಮಾಡಿ ತಯಾರಿಸುತ್ತಿದ್ದ ನೀಲಿ ಎಣ್ಣೆಯಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಸಸ್ಯಗಳಿಂದ ತೆಗೆದ ಹಳದಿ ಮಾಸಿಹೋಗಿ ಎಲೆಗಳು ನೀಲಿಯಾಗಿ ಉಳಿಯುತ್ತವೆ. ಆದ್ದರಿಂದ ಹಳೆಯ ಚಿತ್ರದ ಮರಗಳು ಕಂದಾಗಿ ಕಂಡವೆಂದು ನಮ್ಮ ಮರಗಳಿಗೂ ಅದೇ ಕಂದು ಬಳಿಯಬಾರದು.

ಬಾದಾಮಿಯಲ್ಲಿ ರೇಖಾಚಿತ್ರ

ಬಾದಾಮಿಗೆ ಹೋಗಲು ಮಳೆಗಾಲದ ಕೊನೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬೆಟ್ಟ, ನೆಲ, ದೂಳು ಎಲ್ಲವೂ ಕೆಂಪಾಗಿದ್ದು ನಡುವಿನ ಹಸಿರು ಪಟ್ಟಿಗೆ ಆಧಾರವೇ ಸಿಗುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಗಸ್ತ್ಯತೀರ್ಥದ ಕೆರೆಯಲ್ಲಿ ನೀರು ನಿಂತು, ಬಂಡೆಯ ಸಂದುಗಳಲ್ಲಿ ಹುಲ್ಲು, ಕುರುಚಲು ಗಿಡಗಳು ಹಸಿರಾಗಿರುತ್ತವೆ. ಕೆರೆಯ ಪಶ್ಚಿಮ ದಡದಲ್ಲಿ, ಊರಿನ ಕಡೆ, ಪೂರ್ವಕ್ಕೆ ಮುಖ ಮಾಡಿ ಕುಳಿತರೆ ಎದುರಿನ ದಡದಲ್ಲಿ ಭೂತನಾಥ ಗುಡಿಗಳು, ಎಡಕ್ಕೆ ಉತ್ತರದ ಬೆಟ್ಟ, ಬಲಕ್ಕೆ ಗುಹೆಗಳಿರುವ ದಕ್ಷಿಣದ ಬೆಟ್ಟ ಕಾಣುತ್ತವೆ. ಬೆಳಿಗ್ಗೆ ಸೂರ್ಯ ಗುಡಿಗಳ ಹಿಂದಿನಿಂದ ಏರುವುದರಿಂದ ಕಲ್ಲಿನ ವಿವರ ನೆರಳಿನಲ್ಲಿ ಮುಳುಗಿರುತ್ತದೆ. ಮಧ್ಯಾಹ್ನ ಮೂರು ಗಂಟೆಯ ಮೇಲೆ ಬಿಸಿಲು ಬೆನ್ನ ಹಿಂದೆ ಬಲಗಡೆಯಿಂದ ಬಿದ್ದು ಎಡಗಡೆಯ ಬೆಟ್ಟ ಪೂರ್ತಿ ಬೆಳಗುತ್ತದೆ. ದಕ್ಷಿಣದ ಬೆಟ್ಟದ ಉತ್ತರಮುಖ ಬಹುಮಟ್ಟಿಗೆ ನೆರಳಿನಲ್ಲೇ ಇರುತ್ತದೆ. ಒಂದು ಬದಿ ಬೆಳಕು, ಒಂದು ಬದಿ ನೆರಳು, ನಡುವೆ ನೀರು: ಇಂಥ ಜೋಡಣೆಯನ್ನು ಫ್ಲೆಮಿಶ್ ಚಿತ್ರಕಾರರು ಕಲ್ಪಿಸಿಕೊಳ್ಳಬೇಕಾಗಿತ್ತು, ನಮಗೆ ಅದು ಸಿದ್ಧವಾಗಿಯೇ ಇದೆ.

ಬಂಡೆಯ ರಚನೆಯನ್ನು ಅರ್ಥ ಮಾಡಿಕೊಂಡು ಬರೆಯಬೇಕು. ಬಾದಾಮಿಯದು ಮರಳುಗಲ್ಲು. ಅದು ಪದರ ಪದರವಾಗಿ ಕೂಡಿದ ಕಲ್ಲಾದ್ದರಿಂದ ಅಡ್ಡಗೆರೆಗಳು ಎಲ್ಲೆಡೆ ಕಾಣುತ್ತವೆ. ಇವುಗಳನ್ನು ಮೇಲಿಂದ ಕೆಳಕ್ಕೆ ಸೀಳಿದ ಬಿರುಕುಗಳಿಂದ ಬೆಟ್ಟ ದೊಡ್ಡ ದೊಡ್ಡ ಗಡ್ಡೆಗಳಾಗಿ ಒಡೆದು ನಿಂತಿದೆ. ಮೃದುವಾದ ಪದರ ಸವೆದು ಒಳಗೆ ಸರಿದಿರುತ್ತದೆ, ಗಟ್ಟಿ ಪದರ ಹೊರಗೆ ಚಾಚಿ ತನ್ನ ಕೆಳಗೆ ತೆಳುವಾದ ನೆರಳಿನ ಗೆರೆ ಬೀಳಿಸುತ್ತದೆ. ಮಳೆನೀರು ಇಳಿದ ಕಡೆ ನೆತ್ತಿಯಿಂದ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಅವು ನೆರಳಲ್ಲ, ಕಲ್ಲಿನ ಮೇಲ್ಮೈಯ ಬಣ್ಣ. ಇದನ್ನು ನೆರಳೆಂದು ತಿಳಿದು ಬರೆದರೆ ಬಂಡೆಯಲ್ಲಿ ಇಲ್ಲದ ಸಂದುಗಳು ಹುಟ್ಟಿಕೊಂಡು ಬೆಟ್ಟ ತನ್ನ ತೂಕವನ್ನೇ ಕಳೆದುಕೊಳ್ಳುತ್ತದೆ. ಕಂದು ಶಾಯಿ ಮತ್ತು ಪೆನ್ನಿನಿಂದ ಮೊದಲು ನಿಲುವಿನ ಬಿರುಕುಗಳನ್ನು, ಆಮೇಲೆ ಚಾಚಿದ ಪದರಗಳನ್ನು ಬರೆದುಕೊಂಡು, ಪಟ್ಟೆಗಳನ್ನು ಕೊನೆಯಲ್ಲಿ ತೆಳು ನೀರುಶಾಯಿಯಿಂದ ಎಳೆಯಿರಿ. ಇನ್ನೊಂದು ಹಾಳೆಯಲ್ಲಿ ಉತ್ತರದ ಬೆಟ್ಟದ ಮೇಲಿರುವ ಮಾಲೆಗಿತ್ತಿ ಶಿವಾಲಯವನ್ನು ಮಾತ್ರ ಪ್ರತ್ಯೇಕವಾಗಿ ಬರೆದುಕೊಂಡರೆ ಮುಂದೆ ಪ್ರಮಾಣ ತೋರಿಸಲು ಅನುಕೂಲ. ಕೊನೆಗೆ ಬೆಟ್ಟದ ಮೇಲೇರಿ ದೂರದ ಬಯಲಿನ ಒಂದು ರೇಖಾಚಿತ್ರವನ್ನೂ ಮಾಡಿಕೊಳ್ಳಿ. ಚಿತ್ರದ ನೀಲಿ ಪಟ್ಟಿಗೆ ಅದೇ ಆಧಾರ. ಬಾದಾಮಿಯ ಮಂಗಗಳು ಚೀಲಕ್ಕೆ ಕೈ ಹಾಕುತ್ತವೆ. ಆಹಾರವನ್ನು ಕುಂಚಗಳ ಜೊತೆ ಇಡಬಾರದು. ಸ್ಮಾರಕದ ಆವರಣದೊಳಗೆ ಈಸೆಲ್ ನಿಲ್ಲಿಸುವುದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ವಿಜಯಪುರದಲ್ಲಿ ಕಮಾನು

ಬಾರಾ ಕಮಾನ್ ಎರಡನೆಯ ಅಲಿ ಆದಿಲ್ ಶಾಹನ ಸಮಾಧಿಗಾಗಿ ಆರಂಭವಾಗಿ ಅರ್ಧಕ್ಕೆ ನಿಂತ ಕಟ್ಟಡ. ಅವನು 1656ರಿಂದ 1672ರವರೆಗೆ ಆಳಿದನು. ಚಿತ್ರಕಾರರು ಗಮನಿಸಲೇಬೇಕಾದ ಸಂಗತಿಯೊಂದು ಇಲ್ಲಿದೆ: ಇದು ಬಿದ್ದು ಹಾಳಾದ ಕಟ್ಟಡವಲ್ಲ, ಪೂರ್ತಿಯಾಗದೆ ಉಳಿದ ಕಟ್ಟಡ. ಬಿದ್ದ ಗೋಡೆಯ ಮೇಲಂಚು ಹಲ್ಲುಹಲ್ಲಾಗಿದ್ದು ಬುಡದಲ್ಲಿ ಕಲ್ಲಿನ ರಾಶಿ ಇರುತ್ತದೆ. ಇಲ್ಲಿ ಆಕಾಶಕ್ಕೆ ತೆರೆದ ಕಮಾನುಗಳ ಸಾಲು ಸ್ವಚ್ಛವಾಗಿ ನಿಂತಿದೆ. ರೋಮ್ ನಗರದ ಅವಶೇಷಗಳನ್ನು ನೋಡಿದ ಕಣ್ಣಿನಿಂದ ಇದನ್ನೂ ಒಡೆದು, ಬಿರುಕು ಬಿಡಿಸಿ ಬರೆಯುವ ಆಸೆ ಹುಟ್ಟುತ್ತದೆ. ಹಾಗೆ ಮಾಡದಿರುವುದೇ ಉತ್ತಮ. ಕಮಾನಿನೊಳಗಿಂದ ಇನ್ನೊಂದು ಕಮಾನು, ಅದರೊಳಗಿಂದ ಬಯಲು ಕಾಣುವುದೇ ಈ ಕಟ್ಟಡದ ಸೊಗಸು. ನಮ್ಮ ಚಿತ್ರದಲ್ಲಿ ಆ ಬಯಲಿನ ಜಾಗದಲ್ಲಿ ಬಾದಾಮಿ ಬರುತ್ತದೆ.

ವಿಜಯಪುರದ ಕಪ್ಪುಕಲ್ಲು ಈ ಪದ್ಧತಿಗೆ ತಾನಾಗಿ ಒದಗಿಬರುತ್ತದೆ. ಫ್ಲೆಮಿಶ್ ಚಿತ್ರದ ಮುನ್ನೆಲೆ ಗಾಢವಾಗಿರಬೇಕು. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ರಂಗದಲ್ಲಿ ಪಕ್ಕದ ವಿಂಗ್ ಕತ್ತಲಾಗಿದ್ದಷ್ಟೂ ಹಿಂದಿನ ಕಾಡಿನ ಪರದೆ ಆಳವಾಗಿ ಕಾಣುವಂತೆ, ಗಾಢವಾದ ಮುನ್ನೆಲೆ ಹಿಂದಿನದನ್ನೆಲ್ಲ ದೂರಕ್ಕೆ ತಳ್ಳುತ್ತದೆ. ಮರಳುಗಲ್ಲಿನ ಗುಡಿಯನ್ನು ಮುನ್ನೆಲೆಗೆ ತಂದರೆ ಅದರ ಕೆಂಪು ಹಿಂದಿನ ಬೆಟ್ಟದ ಕೆಂಪಿಗೆ ಅಂಟಿಕೊಂಡು ಎರಡೂ ಒಂದೇ ಮಟ್ಟದಲ್ಲಿ ಕಾಣುತ್ತವೆ. ಕಪ್ಪು ಕಮಾನಿಗೆ ಆ ತೊಂದರೆ ಇಲ್ಲ.

ಎರಡು ಊರುಗಳ ರೇಖಾಚಿತ್ರಗಳನ್ನು ಕೂಡಿಸುವಾಗ ಬೆಳಕು ಒಂದೇ ದಿಕ್ಕಿನಿಂದ ಬರಬೇಕು. ಆದ್ದರಿಂದ ಬಾದಾಮಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಳಿತಂತೆಯೇ ಇಲ್ಲಿಯೂ ಪೂರ್ವಕ್ಕೆ ಮುಖ ಮಾಡಿ, ಅದೇ ಹೊತ್ತಿನಲ್ಲಿ, ಸಾಧ್ಯವಾದರೆ ಅದೇ ವಾರದಲ್ಲಿ ಬರೆಯಿರಿ. ಎಲ್ಲ ಕಡೆಯಿಂದಲೂ ನೋಡಲು ಬರುವ ಕಟ್ಟಡವಾದ್ದರಿಂದ ಬೇಕಾದ ಬದಿಯನ್ನು ಆರಿಸಿಕೊಳ್ಳಬಹುದು. ಕಮಾನಿನ ಒಳಬದಿಯ ದಪ್ಪ ಎಷ್ಟು ಕಾಣುತ್ತದೆ, ಅದರ ಮೇಲೆ ನೆರಳಿನ ಅಂಚು ಎಲ್ಲಿ ತಿರುಗುತ್ತದೆ ಎಂಬುದನ್ನು ಎಚ್ಚರಿಕೆಯಿಂದ ಗುರುತು ಹಾಕಿಕೊಳ್ಳಿ. ನೋಡುವವರ ಕಣ್ಣು ನಕಲಿ ಬೆಳಕನ್ನು ಮೊದಲು ಪತ್ತೆ ಹಚ್ಚುವುದು ಅಲ್ಲಿಯೇ.

ಹಲಗೆ, ಎಣ್ಣೆ, ಬಣ್ಣ

ಆ ಕಾಲದವರು ಓಕ್ ಮರದ ಹಲಗೆಯ ಮೇಲೆ ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಚರ್ಮದಿಂದ ಮಾಡಿದ ಅಂಟಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ನುಣ್ಣಗೆ ಉಜ್ಜಿ ಬಿಳಿಯ ತಳ ಮಾಡಿಕೊಳ್ಳುತ್ತಿದ್ದರು. ತೆಳು ಬಣ್ಣದ ಪದರಗಳ ಮೂಲಕ ಬೆಳಕು ಒಳಹೋಗಿ ಆ ಬಿಳಿಗೆ ಬಡಿದು ಮರಳುವುದರಿಂದಲೇ ಈ ಚಿತ್ರಗಳು ಒಳಗಿನಿಂದ ಹೊಳೆದಂತೆ ಕಾಣುತ್ತವೆ. ನಮಗೆ 12 ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ ಸಾಕು. ಎರಡೂ ಮುಖಗಳಿಗೆ ಮತ್ತು ಅಂಚುಗಳಿಗೆ ಅಕ್ರಿಲಿಕ್ ಜೆಸ್ಸೊ ಎಂಬ ಬಿಳಿಯ ತಳಲೇಪ ಹಚ್ಚಿದರೆ ಮಳೆಗಾಲದಲ್ಲಿ ಹಲಗೆ ಬಾಗುವುದು ಕಡಿಮೆಯಾಗುತ್ತದೆ. ಮುಂದಿನ ಮುಖಕ್ಕೆ ನಾಲ್ಕೈದು ತೆಳುವಾದ ಪದರಗಳನ್ನು, ಪ್ರತಿಯೊಂದನ್ನೂ ಹಿಂದಿನದಕ್ಕೆ ಅಡ್ಡವಾಗಿ ಬಳಿದು, ಕೊನೆಗೆ ಸಣ್ಣ ಉಪ್ಪುಕಾಗದದಿಂದ ಉಜ್ಜಿ. ಮೊದಲ ಪ್ರಯತ್ನಕ್ಕೆ 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಸೂಕ್ತ.

ಎಣ್ಣೆ ಅಗಸಿಯದು. ನಮ್ಮ ಮನೆಗಳಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿಯ ಅದೇ ಬೀಜದಿಂದ ಬರುವ ಎಣ್ಣೆಯ ಮೇಲೆಯೇ ಫ್ಲೆಮಿಶ್ ಚಿತ್ರಕಲೆ ನಿಂತಿದೆ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ವಿಷಯ. ಹಾಗೆಂದು ಗಾಣದಿಂದ ತಂದ ಎಣ್ಣೆಯನ್ನು ನೇರವಾಗಿ ಬಣ್ಣಕ್ಕೆ ಬೆರೆಸಬಾರದು. ಅದರಲ್ಲಿನ ಜಿಗುಟು ಅಂಶ ತೆಗೆಯದಿದ್ದರೆ ಚಿತ್ರ ಬೇಗ ಹಳದಿಯಾಗುತ್ತದೆ. ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಶುದ್ಧೀಕರಿಸಿದ ಲಿನ್‌ಸೀಡ್ ಎಣ್ಣೆಯನ್ನೇ ಕೊಳ್ಳಿ. ಈ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಶಾಖ ಹೊರಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ತಾನಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಬಟ್ಟೆಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ಬಣ್ಣಗಳು ಹೆಚ್ಚು ಬೇಡ: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಬರ್ನ್ಟ್ ಸಿಯೆನಾ, ರಾ ಅಂಬರ್, ಅಲ್ಟ್ರಾಮರೀನ್, ಕೋಬಾಲ್ಟ್ ಬ್ಲೂ ಮತ್ತು ಒಂದು ವರ್ಮಿಲಿಯನ್. ಕಪ್ಪು ಟ್ಯೂಬ್ ಬೇಕಿಲ್ಲ. ಅಲ್ಟ್ರಾಮರೀನ್ ಮತ್ತು ರಾ ಅಂಬರ್ ಸೇರಿದರೆ ವಿಜಯಪುರದ ಕಲ್ಲಿಗೆ ಕಪ್ಪಿಗಿಂತ ಉತ್ತಮವಾದ ಗಾಢತೆ ಬರುತ್ತದೆ.

ಕೂಡಿಸುವ ಬಗೆ

ರೇಖಾಚಿತ್ರಗಳನ್ನು ಎದುರಿಗೆ ಹರಡಿಕೊಂಡು, ಹಲಗೆಯಷ್ಟೇ ದೊಡ್ಡ ಕಾಗದದ ಮೇಲೆ ಮೊದಲು ದಿಗಂತರೇಖೆಯನ್ನು ಮೇಲಿನಿಂದ ಕಾಲುಭಾಗದಷ್ಟು ಕೆಳಗೆ ಎಳೆಯಿರಿ. ಎಡಬದಿಯಲ್ಲಿ ಒಂದು ದಿಣ್ಣೆ ಎಬ್ಬಿಸಿ ಅದರ ಮೇಲೆ ಕಮಾನುಗಳನ್ನು ನಿಲ್ಲಿಸಿ; ಅವುಗಳ ನೆತ್ತಿ ದಿಗಂತವನ್ನು ದಾಟಿ ಆಕಾಶಕ್ಕೆ ಏರಬೇಕು. ಕಮಾನನ್ನು ನಾವು ನೆಲದ ಮೇಲೆ ನಿಂತು ಬರೆದಿದ್ದೇವೆ, ಕೆರೆಯನ್ನೋ ಎತ್ತರದಿಂದ ಕಂಡಂತೆ ಹರಡಬೇಕಾಗಿದೆ. ಈ ವಿರೋಧವನ್ನು ದಿಣ್ಣೆಯೇ ಬಗೆಹರಿಸುತ್ತದೆ. ನೋಡುವವನೂ ಅದೇ ದಿಣ್ಣೆಯ ಮೇಲೆ ಇದ್ದಾನೆ ಎಂಬ ಭಾವನೆ ಬಂದರೆ ಸಾಕು. ಪಾಟಿನಿರ್‌ನ ಬಂಡೆಗಳ ಹಾಗೆ ಉಳಿದದ್ದನ್ನು ಕಣ್ಣು ಒಪ್ಪಿಕೊಳ್ಳುತ್ತದೆ.

ದಿಣ್ಣೆಯ ಹಿಂದಿನಿಂದ ಕೆರೆ ಆರಂಭವಾಗಿ ಬಲಕ್ಕೆ ಬಾಗಲಿ, ಅದರ ತುದಿಯಲ್ಲಿ ಭೂತನಾಥ ಗುಡಿಗಳು ಬೆರಳ ಉಗುರಿನಷ್ಟು ಚಿಕ್ಕದಾಗಿ ಬರಲಿ. ಬಿಸಿಲಿನ ಬೆಟ್ಟವನ್ನು ನಡುವೆ ನಿಲ್ಲಿಸಿ, ಅದರ ಆಚೆ ಬಯಲು, ಬಯಲಿನಲ್ಲಿ ಮಲಪ್ರಭೆಯ ತಿರುವು, ಕೊನೆಗೆ ಬೆಟ್ಟಸಾಲು. ಬಾದಾಮಿಯ ಕೆರೆಯ ದಡದಿಂದ ಮಲಪ್ರಭೆ ಕಾಣುವುದಿಲ್ಲ ಎಂಬ ಆಕ್ಷೇಪ ಬರಬಹುದು. ವಿಯೆನ್ನಾದಲ್ಲಿರುವ, 1565ರಲ್ಲಿ ಬರೆದ ಬ್ರೂಗೆಲ್‌ನ ಹಿಮದ ಬೇಟೆಗಾರರ ಚಿತ್ರದಲ್ಲಿ ತನ್ನ ನಾಡಿನ ಹಳ್ಳಿಯ ಹಿಂದೆಯೇ ಆಲ್ಪ್ಸ್ ಪರ್ವತದ ಕೋಡುಗಲ್ಲುಗಳು ನಿಂತಿವೆ. ನದಿಯನ್ನು ಬೆಟ್ಟದ ಬಳಿಗೆ ಕರೆತರುವುದು ಅದಕ್ಕಿಂತ ದೊಡ್ಡ ಸ್ವಾತಂತ್ರ್ಯವೇನಲ್ಲ.

ಬಣ್ಣ ಹಚ್ಚುವ ಕ್ರಮ

ಚಿತ್ರವನ್ನು ಹಲಗೆಗೆ ಇಳಿಸಿದ ಮೇಲೆ ರಾ ಅಂಬರ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಬೆಳಕು ನೆರಳುಗಳನ್ನು ಮಾತ್ರ ಹಾಕಿ. ಮುನ್ನೆಲೆಯಲ್ಲಿ ಈ ಕಂದು ಗಾಢವಾಗಿರಲಿ, ನಡುವೆ ತೆಳುವಾಗಲಿ, ದೂರದಲ್ಲಿ ಬಿಳಿಯ ತಳವನ್ನು ಹಾಗೆಯೇ ಬಿಡಿ. ಇದು ಪೂರ್ತಿ ಒಣಗಿದ ಮೇಲೆ ಮುಂದಿನ ಕೆಲಸ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಹೆಚ್ಚು ಎಂಬ ನಿಯಮವನ್ನು ಕೊನೆಯವರೆಗೂ ಪಾಲಿಸಬೇಕು. ತಪ್ಪಿದರೆ ಮೇಲಿನ ಬಣ್ಣ ಮೊದಲು ಒಣಗಿ ಬಿರಿಯುತ್ತದೆ.

ಆಕಾಶದಿಂದ ಆರಂಭಿಸಿ ಮುಂದಕ್ಕೆ ಬನ್ನಿ. ಮೇಲೆ ಕೋಬಾಲ್ಟ್, ಕೆಳಗಿಳಿದಂತೆ ಬಿಳಿ ಹೆಚ್ಚಿ, ದಿಗಂತದ ಬಳಿ ಒಂದು ಎಳೆಯಷ್ಟು ಓಕರ್. ಆಕಾಶ ಹಸಿಯಾಗಿರುವಾಗಲೇ ಕೊನೆಯ ಬೆಟ್ಟಸಾಲನ್ನು ಅದರೊಳಗೆ ಬರೆದರೆ ಅಂಚು ತಾನಾಗಿ ಮೃದುವಾಗುತ್ತದೆ.

ಈಗ ಬರುವ ಕೆಂಪು ಬೆಟ್ಟವೇ ಇಡೀ ಚಿತ್ರದ ಕಠಿಣ ಭಾಗ. ಫ್ಲೆಮಿಶ್ ಕ್ರಮದಲ್ಲಿ ಬೆಟ್ಟ ಬೂದಿ ಅಥವಾ ನೀಲಿ. ಕೆಂಪು ಮುನ್ನೆಲೆಯ ಬಣ್ಣ. ಬಾದಾಮಿಯ ಬೆಟ್ಟವನ್ನು ನೀಲಿ ಮಾಡಿದರೆ ಅದು ಬಾದಾಮಿಯಾಗಿ ಉಳಿಯುವುದಿಲ್ಲ, ಕೆಂಪಾಗಿಯೇ ಬಿಟ್ಟರೆ ಮುಂದಕ್ಕೆ ಜಿಗಿಯುತ್ತದೆ. ಇದಕ್ಕೆ ಪರಿಹಾರವನ್ನು ಗಾಳಿಯೇ ತೋರಿಸಿಕೊಡುತ್ತದೆ. ದೂರ ಹೆಚ್ಚಿದಂತೆ ಮೊದಲು ನೀಲಿಯಾಗುವುದು ನೆರಳು. ಬಿಸಿಲು ಬಿದ್ದ ಮೈ ಬಹಳ ದೂರದವರೆಗೆ ಬೆಚ್ಚಗಿನ ಬಣ್ಣವನ್ನು ಉಳಿಸಿಕೊಂಡು ಬರೀ ಪೇಲವವಾಗುತ್ತದೆ. ಆದ್ದರಿಂದ ಬಿಸಿಲಿನ ಮೈಗೆ ಬಿಳಿ, ಓಕರ್ ಮತ್ತು ತುಸು ಸಿಯೆನಾ ಸೇರಿದ ಪೇಲವ ಗುಲಾಬಿಯನ್ನೂ, ಬಿರುಕು ಮತ್ತು ಪದರಗಳ ನೆರಳಿಗೆ ಕೋಬಾಲ್ಟ್, ಬಿಳಿ, ಒಂದು ತೊಟ್ಟು ಸಿಯೆನಾ ಸೇರಿದ ನೀಲಿಬೂದಿಯನ್ನೂ ಬಳಸಿ. ಹತ್ತಿರದ ಗಡ್ಡೆಯಲ್ಲಿ ನೆರಳು ಇನ್ನೂ ಕಂದಾಗಿರಲಿ, ಒಂದೊಂದು ಗಡ್ಡೆ ಹಿಂದೆ ಸರಿದಂತೆ ನೀಲಿ ಹೆಚ್ಚಲಿ. ಹೀಗೆ ನೆರಳಿನಿಂದ ದೂರವನ್ನು, ಬಿಸಿಲಿನಿಂದ ಊರನ್ನು ಹೇಳಲು ಸಾಧ್ಯವಾಗುತ್ತದೆ. ಮಳೆನೀರಿನ ಕಪ್ಪು ಪಟ್ಟೆಗಳನ್ನು ಹತ್ತಿರದ ಗಡ್ಡೆಯಲ್ಲಿ ಮಾತ್ರ ತೋರಿಸಿ, ಹಿಂದಿನವುಗಳಲ್ಲಿ ಬಿಟ್ಟುಬಿಡಿ.

ನಡುವಿನ ಹಸಿರನ್ನು ಒಂದೇ ಸಲಕ್ಕೆ ಬೆರೆಸಿ ಬಳಿಯುವುದಕ್ಕಿಂತ, ಲೆಮನ್ ಯೆಲ್ಲೋ ಮತ್ತು ಬಿಳಿಯ ತೆಳು ಪದರ ಒಣಗಿದ ಮೇಲೆ ಅಲ್ಟ್ರಾಮರೀನ್ ಮತ್ತು ಓಕರ್ ಸೇರಿದ ಪಾರದರ್ಶಕ ಪದರವನ್ನು ಎಳೆದರೆ ಹಳೆಯ ಚಿತ್ರಗಳ ಆಳವಾದ ಹಸಿರು ಸಿಗುತ್ತದೆ. ಕೆರೆಯ ನೀರು ಆಕಾಶಕ್ಕಿಂತ ಒಂದು ಮೆಟ್ಟಿಲು ಗಾಢವಾಗಿರಲಿ.

ಕಮಾನನ್ನು ಕೊನೆಗೆ ಬರೆಯಿರಿ. ಕಲ್ಲಿನ ಸಂದುಗಳನ್ನೆಲ್ಲ ಎಣಿಸಿ ಬರೆಯುವ ಅಗತ್ಯವಿಲ್ಲ. ನೆರಳು ಬೆಳಕು ಕೂಡುವ ಅಂಚಿನಲ್ಲಿ ಕೆಲವು ಸಂದುಗಳನ್ನು ಸ್ಪಷ್ಟವಾಗಿ ತೋರಿಸಿದರೆ ಉಳಿದದ್ದು ತುಂಬಿಕೊಳ್ಳುತ್ತದೆ. ಕಮಾನಿನ ಒಳಗಿಂದ ಕಾಣುವ ನೀಲಿ ದೂರವನ್ನು ಅಕ್ಕಪಕ್ಕದ ದೂರಕ್ಕಿಂತ ತುಸು ಬೆಳ್ಳಗೆ ಮಾಡಿ. ದಿಣ್ಣೆಯ ಅಂಚಿನಲ್ಲಿ ಒಂದು ಕಳ್ಳಿಯ ಪೊದೆ ಇಟ್ಟರೆ ಕಂದು ಹಸಿರುಗಳ ಹೊಲಿಗೆ ಮುಚ್ಚುತ್ತದೆ.

ಮನುಷ್ಯರು ಚಿಕ್ಕವರಾಗಿರಬೇಕು. ಪಾಟಿನಿರ್ ಸಂತರನ್ನೂ ಸಣ್ಣದಾಗಿ ಬರೆದನು. ಆಂಟ್‌ವರ್ಪ್ ನಗರದ ಇನ್ನೊಬ್ಬ ಚಿತ್ರಕಾರ ಯೋಸ್ ಡಿ ಮೊಂಪರ್ ತನ್ನ ಬೆಟ್ಟಗಳನ್ನು ತಾನು ಬರೆದು, ಮನುಷ್ಯರನ್ನು ಬರೆಯಲು ಅನೇಕ ಸಲ ಪೀಟರ್ ಬ್ರೂಗೆಲ್‌ನ ಮಗ ಯಾನ್ ಬ್ರೂಗೆಲ್‌ನಿಗೆ ಕೊಡುತ್ತಿದ್ದನು. ನಮ್ಮ ಚಿತ್ರಕ್ಕೆ ಕಂಬಳಿ ಹೊದ್ದ ಒಬ್ಬ ಕುರಿಗಾಹಿ, ಅವನ ಮುಂದೆ ಹಿಡಿಯಷ್ಟು ಕುರಿಗಳು, ದಾರಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನ ಒಬ್ಬ ಹೆಂಗಸು ಸಾಕು. ಆ ಸೆರಗಿನ ವರ್ಮಿಲಿಯನ್ ಇಡೀ ಚಿತ್ರದಲ್ಲಿ ಅದೊಂದೇ ಕಡೆ ಇರಲಿ; ಬೆಟ್ಟದ ಗುಲಾಬಿ ಹಿಂದೆ ಸರಿಯಲು ಅದೂ ಸಹಾಯ ಮಾಡುತ್ತದೆ.

ಮುಗಿದ ಚಿತ್ರವನ್ನು ದೂಳು ಬೀಳದಂತೆ, ಆದರೆ ಬೆಳಕಿರುವ ಕೋಣೆಯಲ್ಲಿ ಒಣಗಲು ಬಿಡಿ. ಕತ್ತಲಲ್ಲಿ ಇಟ್ಟರೆ ಅಗಸಿ ಎಣ್ಣೆ ಹಳದಿಯಾಗುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗಿನ ಪದರಗಳು ಹಸಿಯಾಗಿರುವುದರಿಂದ ಕನಿಷ್ಠ ಆರು ತಿಂಗಳು ಕಾದು, ಮಳೆಯಿಲ್ಲದ ಒಂದು ದಿನ ಮೆತ್ತಗಿನ ಅಗಲ ಕುಂಚದಿಂದ ತೆಳುವಾಗಿ ವಾರ್ನಿಷ್ ಹಚ್ಚಿ, ಹಲಗೆಯನ್ನು ಮಟ್ಟಸವಾಗಿ ಮಲಗಿಸಿ ಒಣಗಿಸಿ.